ಆರುನೂರು ಓಮ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಅಂಗಡಿಗೆ ಹೊರಡುವ ಮುಂಚೆ ನಾಲ್ಕು ಸಾಲು. ಶನಿವಾರದ ಬಾಕಿ: ಎರಡು ಮಿಕ್ಸರ್, ಒಂದು ಟೇಪ್‌ರೆಕಾರ್ಡರ್, ಒಂದು ಹಳೇ ಡಬ್ಬ ಟಿವಿ. ಟಿವಿ ರೆಡಿ. ಮುದುಕರೊಬ್ಬರದು. ಹೊಸದು ಬೇಡವಂತೆ, ಇದನ್ನೇ ಬದುಕಿಸಿಕೊಡಬೇಕಂತೆ. ಬದುಕಿಸಿದೆ.

ಚಿಕ್ಕವನಿದ್ದಾಗ ಯಾರ ಮನೆಯಲ್ಲಿ ಟಿವಿ ಹಾಕಿದ್ದಾರೆಂದು ಬೀದಿಯಲ್ಲಿ ನಿಂತೇ ಹೇಳುತ್ತಿದ್ದೆ. ಮಾತು ಕೇಳಿಸಬೇಕಿರಲಿಲ್ಲ. ಪಿಕ್ಚರ್ ಟ್ಯೂಬಿನ ಆ ಸಣ್ಣ ಕುಂಯ್ ಸಾಕಿತ್ತು. ಕೆಲಸ ಕಲಿಸಿದ ಮೇಸ್ತ್ರಿ "ಇವನಿಗೆ ನಾಯಿ ಕಿವಿ" ಅನ್ನುತ್ತಿದ್ದರು. ಈ ಟಿವಿಯಲ್ಲಿ ಕುಂಯ್ ಇಲ್ಲವೇ ಇಲ್ಲ. ಒಳ್ಳೆಯ ಮಾಡೆಲ್ ಇರಬೇಕು.

ಬರೆಯಬೇಕೆಂದು ಕುಳಿತದ್ದು ಬೇರೆಯದೇ. ಹೆಂಡತಿ ಮೊನ್ನೆ ಸ್ಟುಡಿಯೋದಿಂದ ಒಂದು ದೊಡ್ಡ ಪೊಟ್ಟಣ ಹಿಡಿದು ಬಂದಳು. ಹೆಡ್‌ಫೋನ್. ಕರೀ ತೊಗಲು, ಸುರುಳಿ ವೈರ್, ತಲೆಯ ಮೇಲೆ ಇಟ್ಟಿಗೆ ಹೊತ್ತಷ್ಟು ಭಾರ. "ಅವರು ಕೊಟ್ರು. ಸ್ಟುಡಿಯೋಗೆ ಹೊಸದು ಬಂತಂತೆ." ಅವರು ಅಂದರೆ ರೆಕಾರ್ಡಿಸ್ಟ್. ಈ ಮನೆಯಲ್ಲಿ ಈಗ "ಅವರು" ಅಂದರೆ ನಾನಲ್ಲ.

ಇವಳದು ಕೇಳುವ ಕೆಲಸ. ಕಣ್ಣು ಕಾಣದವರಿಗಾಗಿ ಆ ಸ್ಟುಡಿಯೋದಲ್ಲಿ ಪುಸ್ತಕ ಓದಿಸಿ ರೆಕಾರ್ಡ್ ಮಾಡುತ್ತಾರೆ. ಇವಳು ಮನೆಯಲ್ಲಿ ಕುಳಿತು ಅದನ್ನು ಸಾಲು ಸಾಲಾಗಿ ಕೇಳಿ ತಪ್ಪು ಹಿಡಿಯುತ್ತಾಳೆ. ನುಂಗಿದ ಅಕ್ಷರ, ಹಾಳೆ ತಿರುವಿದ ಸದ್ದು, ಕುರ್ಚಿಯ ಕಿರ್. ತಪ್ಪು ಸಿಕ್ಕರೆ ಮೇಜಿನ ಮೇಲಿನ ಪುಟ್ಟ ಮೈಕಿನಲ್ಲಿ "ಪುಟ ಎಂಬತ್ತು, ಮೂರನೇ ಸಾಲು" ಎಂದು ಹೇಳಿ ರೆಕಾರ್ಡಿಸ್ಟಿಗೆ ಕಳಿಸುತ್ತಾಳೆ. ಎಷ್ಟು ಮೆಲ್ಲಗೆ ಹೇಳುತ್ತಾಳೆಂದರೆ ಪಕ್ಕದ ಕೋಣೆಯಲ್ಲಿದ್ದರೂ ನನಗೆ ಬರೀ ತುಟಿ ಅಲ್ಲಾಡಿದ್ದು ಕಾಣುತ್ತದೆ. ಅದೇ ನನ್ನನ್ನು ಊಟಕ್ಕೆ ಕರೆಯುವಾಗ ಇಡೀ ಬೀದಿಗೆ ಡಂಗುರ.

ನಾನು ತಂದುಕೊಟ್ಟಿದ್ದ ಹೆಡ್‌ಫೋನ್ ಏಳು ವರ್ಷದಿಂದ ಕಿವಿ ಒತ್ತುತ್ತಿತ್ತಂತೆ. ಮೊನ್ನೆ ಹೇಳಿದಳು. ಏಳು ವರ್ಷ ಬಾಯಿಗೆ ಏನಾಗಿತ್ತು.

ಮಾರ್ಚ್ 5, ಬುಧವಾರ

ಹೊಸ ಹೆಡ್‌ಫೋನ್ ಕೆಲಸಕ್ಕೆ ಬಾರದು. ಒಳಗೊಳಗೇ ಖುಷಿ. ಸಾಮಾನ್ಯ ಹೆಡ್‌ಫೋನಿನ ತಡೆ ಮೂವತ್ತೆರಡು ಓಮ್, ಇದರದು ಆರುನೂರು. ಇದನ್ನು ಕುಣಿಸಲು ವೋಲ್ಟೇಜ್ ಬೇಕು, ಲ್ಯಾಪ್‌ಟಾಪ್ ಅಷ್ಟು ಕೊಡುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಓದುವವನು ಬಾವಿಯ ತಳದಲ್ಲಿ ಕುಳಿತ ಹಾಗೆ. ಕೊಟ್ಟವನಿಗೆ ಇದು ಗೊತ್ತಿರಲಿಲ್ಲವೇ ಅಂದುಕೊಳ್ಳುವಷ್ಟರಲ್ಲಿ ಅವನೇ ಬಾಗಿಲಲ್ಲಿ ಪ್ರತ್ಯಕ್ಷ.

ನನಗಿಂತ ಹತ್ತು ವರ್ಷ ಚಿಕ್ಕವನು. ತೋಳು ಮಡಿಚಿದ ಅಂಗಿ, ಹತ್ತಿಯಲ್ಲಿ ಸುತ್ತಿಟ್ಟ ದನಿ. ಅರ್ಧ ಮಾತು ನನಗೆ ಮುಟ್ಟುವುದೇ ಇಲ್ಲ, ಬೇಕೆಂದೇ ಹಾಗೆ ಆಡುತ್ತಾನೆ. ಇವಳಿಗೆ ಮಾತ್ರ ಎಲ್ಲ ಕೇಳಿಸುತ್ತದೆ. ಏನೋ ಅಂದ, ಇವಳು ನಕ್ಕಳು. ನಾನೂ ನಕ್ಕೆ, ಒಂದು ಗಳಿಗೆ ತಡವಾಗಿ. ಇಬ್ಬರೂ ನನ್ನ ಮುಖ ನೋಡಿದರು.

ಹೊರಡುವಾಗ ಸ್ವಲ್ಪ ದನಿ ಎತ್ತಿ ಹೇಳಿದ. "ಇದಕ್ಕೊಂದು ಆಂಪ್ಲಿಫೈಯರ್ ಬೇಕಾಗುತ್ತೆ ಸಾರ್. ಸ್ಟುಡಿಯೋಲಿ ನಾನೇ ಮಾಡಿದ್ದು ಒಂದಿದೆ. ಮೇಡಂಗೂ ಒಂದು ಮಾಡ್ಕೊಡ್ತೀನಿ."

"ಮೂವತ್ತೈದು ವರ್ಷದಿಂದ ನಾನು ಏನು ಹಪ್ಪಳ ಕರೀತಿದ್ದೆ ಅಂದ್ಕೊಂಡ್ರಾ?" ಅಂದೆ. ನಗುತ್ತಲೇ ಅಂದೆ. ಇವಳು ನಗಲಿಲ್ಲ.

ನನ್ನ ಹೆಂಡತಿಯ ಕಿವಿಗೆ ಇನ್ನೊಬ್ಬ ಬಂದು ಆಂಪ್ಲಿಫೈಯರ್ ಮಾಡಿಕೊಡಬೇಕೆ. ಮನೆಯಲ್ಲಿ ನಾನಿರುವಾಗ. ಹೊಟ್ಟೆ ಉರಿಯುತ್ತಿದೆ, ಹೌದು. ಇಲ್ಲಿ ಬರೆದರೆ ಯಾರು ನೋಡುತ್ತಾರೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3

ಬೆಳಿಗ್ಗೆಯಿಂದ ಡಿಸೈನ್. ಊಟಕ್ಕೆ ಎದ್ದದ್ದು ಬಿಟ್ಟರೆ ಕುರ್ಚಿ ಬಿಟ್ಟಿಲ್ಲ. ಎಷ್ಟೋ ವರ್ಷದ ಮೇಲೆ ಹೀಗೆ. ರಿಪೇರಿ ಅಂದರೆ ಇನ್ನೊಬ್ಬ ಹೊಲಿದ ಅಂಗಿಗೆ ತೇಪೆ. ಇದು ನಾನೇ ಬಟ್ಟೆ ಕತ್ತರಿಸುವುದು.

ಮುಂದೆ ಒಂದು ಐಸಿ, ಆರು ಪಟ್ಟು ಹೆಚ್ಚಿಸಲು. ಹಿಂದೆ ಕಡೆಗೆರಡರಂತೆ ನಾಲ್ಕು ಟ್ರಾನ್ಸಿಸ್ಟರ್, ಸದಾ ಬೆಚ್ಚಗಿರುವ ಹಾಗೆ ಕರೆಂಟ್ ಕೊಟ್ಟು. ಎಡ ಬಲ ಎರಡಕ್ಕೂ ಹುಡುಕಿ ಜೋಡಿ ಹಾಕಿದ ಟ್ರಾನ್ಸಿಸ್ಟರ್‌ಗಳು. ಡಬ್ಬದಲ್ಲಿದ್ದ ಅರವತ್ತನ್ನು ಒಂದೊಂದಾಗಿ ಅಳೆದೆ. ಅವನು ಅಳೆದಿರುತ್ತಾನೆಯೇ. ಸಾಧ್ಯವೇ ಇಲ್ಲ.

ಪವರ್ ಸಪ್ಲೈ ಒಂದೇ ತಲೆನೋವು. ಟ್ರಾನ್ಸ್‌ಫಾರ್ಮರ್ ಹಾಕಿದರೆ ಎಷ್ಟು ಜಾಗ್ರತೆ ಮಾಡಿದರೂ ಒಂದು ಚೂರು ಹಮ್ ನುಸುಳುತ್ತದೆ, ದೂರದಲ್ಲಿ ಜೇನುಹುಟ್ಟು ಇದ್ದ ಹಾಗೆ. ಇವಳ ಕೆಲಸದಲ್ಲಿ ಅದು ಬೇಡ. ಹನ್ನೆರಡು ವೋಲ್ಟಿನ ಅಡಾಪ್ಟರ್, ಅದರ ಮುಂದೆ ಬೆಂಕಿಪೊಟ್ಟಣದಷ್ಟು ಸ್ವಿಚಿಂಗ್ ಮಾಡ್ಯೂಲ್. ಪ್ಲಸ್ ಹದಿನೈದು, ಮೈನಸ್ ಹದಿನೈದು. ಹಾಕಿ ಕೇಳಿದೆ. ಹಮ್ ಸೊನ್ನೆ. ಇದೇ ಸೈ.

ಮಾರ್ಚ್ 14, ಶುಕ್ರವಾರ. ಸಂಜೆ

ಮುಗಿಯಿತು. ಅಲ್ಯೂಮಿನಿಯಂ ಪೆಟ್ಟಿಗೆ, ಮುಂದೆ ಒಂದೇ ಗುಂಡಿ. ಗುಂಡಿಯನ್ನು ಹಳೆಯ ವಾಲ್ವ್ ರೇಡಿಯೋದಿಂದ ಕಿತ್ತು ಹಾಕಿದ್ದೇನೆ. ತಿರುಗಿಸಿದರೆ ಬೆಣ್ಣೆ.

ಮೊದಲು ನಾನು ಕೇಳಿದೆ. ವಾಲ್ಯೂಮ್ ಪೂರ್ತಿ ಏರಿಸಿ, ಏನೂ ಹಾಕದೆ, ಕಣ್ಣು ಮುಚ್ಚಿ ಐದು ನಿಮಿಷ. ಒಂದು ಸದ್ದಿಲ್ಲ. ಹಿಮದ ಮೇಲೆ ಕುಳಿತ ಹಾಗೆ. ಇಷ್ಟು ನಿಶ್ಶಬ್ದವಾದ ವಸ್ತುವನ್ನು ನಾನು ಮಾಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ.

ಇವಳ ತಲೆಗೆ ಹಾಕಿದೆ. ಪುಸ್ತಕ ಹಚ್ಚಿದಳು. ಹುಬ್ಬು ಒಂದು ಕ್ಷಣ ಗಂಟಾಯಿತು, ಆಮೇಲೆ ಸರಿಹೋಯಿತು.

"ಹೇಗಿದೆ?"

"ಚೆನ್ನಾಗಿದೆ ರೀ. ಮಾತು ಸ್ಪಷ್ಟವಾಗಿದೆ." ಜೋರಾಗಿಯೇ ಹೇಳಿದಳು, ಹೆಡ್‌ಫೋನ್ ಹಾಕಿಕೊಂಡಿದ್ದಾಳಲ್ಲ.

"ಹಿಂದೆ ಏನಾದ್ರೂ ಸದ್ದಿದ್ಯಾ?"

ನನ್ನ ಮುಖವನ್ನೇ ನೋಡಿದಳು. "ನಿಮಗೆ ಕೇಳ್ತಾ ಏನಾದ್ರೂ?"

"ಏನೂ ಇಲ್ಲ. ಸೂಜಿ ಬಿದ್ರೆ ಕೇಳ್ಬೇಕು."

"ಹಾಗಾದ್ರೆ ಸರಿ," ಅಂದಳು.

ರೆಕಾರ್ಡಿಸ್ಟ್ ಮಹಾಶಯ, ಬಂದು ನೋಡು.

ಮಾರ್ಚ್ 19, ಬುಧವಾರ

ಅರ್ಧ ಗಂಟೆಗೊಮ್ಮೆ ತೆಗೆದಿಡುತ್ತಾಳೆ. ಹಣೆ ಒತ್ತಿಕೊಳ್ಳುತ್ತಾಳೆ. ಯಾಕೆ ಅಂದರೆ ಭಾರ ಅನ್ನುತ್ತಾಳೆ. ಒಳಗಿನ ಮೆತ್ತೆ ಬದಲಿಸಿದೆ. ಆದರೂ ಅಷ್ಟೇ. ಪುಸ್ತಕ ತಿಂಗಳ ಕೊನೆಗೆ ಮುಗಿಯಬೇಕಂತೆ, ಇನ್ನೂ ಅರ್ಧವೂ ಆಗಿಲ್ಲ.

ಇವತ್ತು ಅವನು ಅಂಗಡಿಗೇ ಬಂದ. ಬೆಂಚಿನ ಮೇಲೆ ಪೇಪರ್ ಸುತ್ತಿದ ಗಟ್ಟಿ ವಸ್ತು ಇಟ್ಟ. ಟ್ರಾನ್ಸ್‌ಫಾರ್ಮರ್. ದುಂಡನೆಯದು, ಒಳ್ಳೆ ಜಾತಿಯದು.

"ಮನೇಲಿ ಸುಮ್ನೆ ಬಿದ್ದಿತ್ತು ಸಾರ್. ಆ ಸ್ವಿಚಿಂಗ್ ಮಾಡ್ಯೂಲ್‌ಗಳು ಒಂದೊಂದು ಸಲ ಸದ್ದು ಮಾಡ್ತವೆ. ಬೇಕಾದ್ರೆ ಇದನ್ನ ಹಾಕಿ ನೋಡಿ."

ಮಾಡ್ಯೂಲ್ ಹಾಕಿದ್ದು ಇವನಿಗೆ ಹೇಗೆ ಗೊತ್ತು. ಇವಳು ಹೇಳಿದ್ದಾಳೆ. ನನ್ನ ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆ ಎಂಬುದೂ ಅವರಿಬ್ಬರ ನಡುವೆ ಮಾತಾಗುತ್ತದೆ.

"ನನ್ನ ಕಿವಿಗೇನೂ ಕೇಳಿಲ್ಲವಲ್ಲ," ಅಂದೆ.

ಅವನು ಡಬ್ಬ ಟಿವಿ ಕಡೆ ಒಮ್ಮೆ ನೋಡಿದ, ಮುದುಕರು ಇನ್ನೂ ಒಯ್ದಿಲ್ಲ, ಅದು ಹೊತ್ತಿಕೊಂಡೇ ಇತ್ತು. "ಸರಿ ಸಾರ್, ಇರ್ಲಿ ಇಲ್ಲೇ," ಎಂದು ಹೋದ.

ಟ್ರಾನ್ಸ್‌ಫಾರ್ಮರನ್ನು ಕೆಳಗಿನ ಡ್ರಾಯರಿಗೆ ಒದ್ದೆ. ಕಾಲು ನೋಯುತ್ತಿದೆ.

ಮಾರ್ಚ್ 24, ಸೋಮವಾರ

ಈಗ ಮಧ್ಯಾಹ್ನ ಎರಡಕ್ಕೆ ಸ್ಟುಡಿಯೋಗೆ ಹೋಗುತ್ತಾಳೆ, ಆರಕ್ಕೆ ಬರುತ್ತಾಳೆ. ಗುರುವಾರದಿಂದ ಶುರು. "ಅಲ್ಲಿ ಕೆಲಸ ಬೇಗ ಸಾಗುತ್ತೆ" ಅಂತೆ. ಮನೆಯಲ್ಲಿ ಏನು ಕೊರತೆ, ಯಾರು ಅಡ್ಡ ಬರುತ್ತಾರೆ? ನಾನು ಅಂಗಡಿಯಲ್ಲಿ. ಮಗಳು ಮದುವೆಯಾಗಿ ಹೋಗಿ ಮೂರು ವರ್ಷ. ಮನೆ ಖಾಲಿ ಗೋಡೌನಿನಷ್ಟು ನಿಶ್ಶಬ್ದ.

ಬರುವಾಗ ಮುಖದಲ್ಲಿ ಸುಸ್ತಿಲ್ಲ. ಹಣೆ ಒತ್ತಿಕೊಳ್ಳುವುದಿಲ್ಲ. ಬೆಳಿಗ್ಗೆ ನನ್ನ ಪೆಟ್ಟಿಗೆಯ ಮುಂದೆ ಕುಳಿತಾಗ ಬರುವ ತಲೆನೋವು ಅಲ್ಲಿ ಎಲ್ಲಿ ಹೋಗುತ್ತದೆ.

ಬಟ್ಟೆ ಒಗೆಯುವ ಮಿಷನ್ ಮುಗಿದಿತ್ತು, ನಾನು ಅದರ ಪಕ್ಕದಲ್ಲೇ ಕುಳಿತಿದ್ದೆ, ಬಟ್ಟೆ ತೆಗೆದಿಲ್ಲವೆಂದು ಕೂಗಿದಳು. ಮುಗಿದದ್ದು ನನಗೆ ಹೇಗೆ ಗೊತ್ತಾಗಬೇಕು. "ಬೀಪ್ ಅಂತಲ್ಲ" ಅಂದಳು. ಅಂದಿರಲಿಲ್ಲ. ಮಿಷನ್ ಬಿಚ್ಚಿ ಬಝರ್ ನೋಡಬೇಕು.

ಮಾರ್ಚ್ 27, ಗುರುವಾರ. 4:40

ಮಾಡಬಾರದ್ದು ಮಾಡಿದೆ.

ಅಂಗಡಿಗೆ ಅರ್ಧ ಬಾಗಿಲು ಎಳೆದು, ಪಕ್ಕದ ದರ್ಜಿಯಮ್ಮನಿಗೆ ನೋಡಿಕೊಳ್ಳಮ್ಮ ಎಂದು ಹೇಳಿ, ಸ್ಟುಡಿಯೋಗೆ ಹೋದೆ. ಕೇಳಿದರೆ ಹೇಳಲು ಕೈಯಲ್ಲಿ ಒಂದು ವೈರ್ ಹಿಡಿದುಕೊಂಡಿದ್ದೆ. ಇವಳ ವೈರ್ ಮರೆತುಹೋಗಿತ್ತು ಅನ್ನಲು. ಐವತ್ತೆಂಟು ವರ್ಷದವನು, ಕೈಯಲ್ಲಿ ವೈರ್ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತಾ.

ಉದ್ದನೆಯ ಓಣಿ, ಕೊನೆಯಲ್ಲಿ ಬಾಗಿಲು, ಬಾಗಿಲಲ್ಲಿ ಚೌಕ ಗಾಜು. ನೋಡಿದೆ. ಕುಳಿತಿದ್ದಾಳೆ. ತಲೆಯ ಮೇಲೆ ಅದೇ ಆರುನೂರು ಓಮ್. ಮನೆಗೆ ಕೊಟ್ಟದ್ದರ ಜೋಡಿ ಅಲ್ಲಿ ಇನ್ನೊಂದು ಇರಬೇಕು. ಮುಂದೆ ಅವನ ಪೆಟ್ಟಿಗೆ, ಬಣ್ಣ ಕೂಡ ಬಳಿದಿಲ್ಲ. ಕಣ್ಣು ಮುಚ್ಚಿದ್ದಾಳೆ. ಹಣೆಯಲ್ಲಿ ಒಂದು ಗೆರೆ ಇಲ್ಲ. ತುಟಿಯ ತುದಿಯಲ್ಲಿ ಒಂಚೂರು ನಗು. ಮಗಳು ಹೊಟ್ಟೆಯಲ್ಲಿದ್ದಾಗ ಹೀಗೆ ಕೂರುತ್ತಿದ್ದಳು.

ಅವನು ಆ ಕಡೆ ತಿರುಗಿ ತನ್ನ ಕೆಲಸ ಮಾಡುತ್ತಿದ್ದ. ಅವಳ ಕಡೆ ನೋಡುತ್ತಲೂ ಇರಲಿಲ್ಲ. ನೋಡುತ್ತಿದ್ದರೆ ಎಷ್ಟೋ ವಾಸಿಯಿತ್ತು. ಜಗಳ ತೆಗೆಯಬಹುದಿತ್ತು. ಅವಳು ಏನೋ ಹೇಳಿದಳು, ಅವನು ತಲೆಯೆತ್ತದೆಯೇ ಉತ್ತರ ಕೊಟ್ಟ. ಅಷ್ಟು ಮೆಲ್ಲಗಿನ ಮಾತು, ಅಷ್ಟು ಸಲೀಸು.

ಆ ಮುಖ ನನ್ನ ಪೆಟ್ಟಿಗೆಯ ಮುಂದೆ ಬರಬೇಕಿತ್ತು. ಅದಕ್ಕಾಗಿ ಅರವತ್ತು ಟ್ರಾನ್ಸಿಸ್ಟರ್ ಅಳೆದಿದ್ದೆ.

ವೈರನ್ನು ಯಾವುದೋ ಗೇಟಿಗೆ ನೇತುಹಾಕಿ ಬಂದೆ.

ಮಾರ್ಚ್ 28, ಶುಕ್ರವಾರ

ಜಗಳ. ನಾನೇ ಶುರು ಮಾಡಿದ್ದು. ನಾನು ಆಡಿದ್ದನ್ನೆಲ್ಲ ಬರೆಯುವುದಿಲ್ಲ, ಓದಲು ನನಗೇ ನಾಚಿಕೆಯಾಗುತ್ತದೆ.

"ಅವನ ಹತ್ತಿರ ಪಿಸುಪಿಸು, ನನ್ನ ಹತ್ತಿರ ಗಂಟಲು ಹರ್ಕೊಳ್ಳೋದು. ಗಂಡ ಅಂದ್ರೆ ಅಷ್ಟು ಸದರ ಆಗೋಯ್ತಾ?"

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

"ನಾನು ಕೂಗದೇ ಹೋದ್ರೆ ಈ ಮನೇಲಿ ಏನು ಕೇಳ್ಸುತ್ತೆ?" ಅಂದಳು. ಕೂಗಲಿಲ್ಲ ಈ ಸಲ. ತುಟಿ ನೋಡಿ ಅರ್ಥ ಮಾಡಿಕೊಂಡೆ.

"ನಾನೇನು ನಿನ್ನ ಮಾತಿಗೆ ಬೆಲೆ ಕೊಡಲ್ವಾ?" ಅಂದೆ.

"ಅದಲ್ಲ ನಾನು ಹೇಳಿದ್ದು," ಅಂದಳು. ಮತ್ತೆ ಚಾಕು ಎತ್ತಿಕೊಂಡಳು. ಏನು ಹೇಳಿದ್ದು ಎಂದು ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಪುಸ್ತಕ ಮುಗಿಸಿದಳು. ಅಲ್ಲೇ. ನನ್ನ ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಾಳೆ. ಧೂಳು ಬೀಳಬಾರದೆಂದು, ಅಂತೆ. ಸತ್ತವರ ಮುಖಕ್ಕೂ ಬಟ್ಟೆ ಮುಚ್ಚುತ್ತಾರೆ.

ಒಂಬತ್ತು ದಿನದಿಂದ ಬೇಕಾದಷ್ಟೇ ಮಾತು. ಅದೂ ಜೋರಾಗಿ.

ತೀರ್ಮಾನ: ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು, ಸದ್ದನ್ನು ಗೆರೆಯಾಗಿ ತೋರಿಸುವ ಸ್ಕೋಪಿಗೆ ಹಾಕಿ ಪಟ ತೆಗೆಯುತ್ತೇನೆ. ಗೆರೆ ಎಷ್ಟು ನೇರ ಎಂದು ಇವಳಿಗೂ ತೋರಿಸುತ್ತೇನೆ, ಆ ಹತ್ತಿ ದನಿಯವನಿಗೂ ಕಳಿಸುತ್ತೇನೆ. ಕಿವಿಯ ಮಾತು ನಂಬದವರು ಕಣ್ಣಿನ ಮಾತು ನಂಬಲಿ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 11:30

ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿ ಬರೆಯುತ್ತಿದ್ದೇನೆ.

ಸ್ಕೋಪ್ ಹಾಕಿದೆ. ಏನೂ ಹಾಡಿಸಿಲ್ಲ, ವಾಲ್ಯೂಮ್ ಸೊನ್ನೆ. ಗೆರೆ ನೇರ ಬರಬೇಕು. ಬರಲಿಲ್ಲ. ಹಲ್ಲು ಹಲ್ಲು, ಗರಗಸದ ಹಾಗೆ, ಸಣ್ಣದಾಗಿ, ಒಂದೇ ಸಮ. ಲೆಕ್ಕ ಹಾಕಿದೆ. ಸೆಕೆಂಡಿಗೆ ಸುಮಾರು ಒಂಬತ್ತು ಸಾವಿರ ಸಲ. ಪ್ರೋಬ್ ಬದಲಿಸಿದೆ. ಬೆಂಚಿನ ಲೈಟ್ ಆರಿಸಿದೆ. ಗರಗಸ ಇದ್ದೇ ಇತ್ತು. ಪೆಟ್ಟಿಗೆ ಆಫ್ ಮಾಡಿದರೆ ಹೋಯಿತು, ಆನ್ ಮಾಡಿದರೆ ಬಂತು. ಮಾಡ್ಯೂಲ್. ಹಗುರ ಕೆಲಸ ಕೊಟ್ಟರೆ ಅದು ನಿಂತು ನಿಂತು ಉಸಿರಾಡುತ್ತದೆ, ಆ ಉಸಿರೇ ಸಿಳ್ಳೆ. ಪುಸ್ತಕದಲ್ಲಿ ಓದಿದ್ದೆ. ಅಳೆದು ನೋಡಿರಲಿಲ್ಲ. ಕೇಳಿಸದಿದ್ದರೆ ಇಲ್ಲ, ಅದು ನನ್ನ ಲೆಕ್ಕ.

ಹೆಡ್‌ಫೋನ್ ಹಾಕಿದೆ. ನಿಶ್ಶಬ್ದ. ಅದೇ ಹಿಮ. ಎರಡು ಕೈಯಿಂದ ಕಿವಿಗೆ ಒತ್ತಿಕೊಂಡೆ. ಸ್ಕೋಪಿನ ಮೇಲೆ ಗರಗಸ ಕುಣಿಯುತ್ತಿದೆ, ನನ್ನ ತಲೆಯೊಳಗೆ ಏನೂ ಇಲ್ಲ.

ದರ್ಜಿಯಮ್ಮನನ್ನು ಕರೆದೆ. ಮೂವತ್ತೈದಿರಬಹುದು ಅವಳಿಗೆ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು.

"ಇದನ್ನ ಹಾಕ್ಕೊಂಡು ಏನು ಕೇಳ್ಸುತ್ತೆ ಹೇಳಮ್ಮ."

ಹಾಕಿದ ಎರಡನೇ ಕ್ಷಣಕ್ಕೆ ಕಿತ್ತು ಕೈಯಲ್ಲಿ ಕೊಟ್ಟಳು. "ಅಯ್ಯೋ ಅಣ್ಣ, ಏನಿದು? ಸೊಳ್ಳೆ ಕಿವಿಯೊಳಗೇ ಹೊಕ್ಕ ಹಾಗೆ. ಸುಂಯ್ ಅಂತ ಒಂದೇ ಸಮ."

"ಜೋರಾಗಾ?"

"ಜೋರಲ್ಲ. ಆದ್ರೆ ಐದು ನಿಮಿಷ ಕೇಳಿದ್ರೆ ತಲೆ ಸಿಡಿಯುತ್ತೆ."

ಆಗ ಅದು ಹೊಳೆಯಿತು. ಡಬ್ಬ ಟಿವಿ ತೋರಿಸಿದೆ. "ಅದು?"

"ಅದೂ ಕುಂಯ್ ಅಂತಾನೇ ಇರುತ್ತಲ್ಲ. ತಿಂಗಳಿಂದ. ನನ್ನ ಅಂಗಡೀಗೂ ಕೇಳ್ಸುತ್ತೆ. ನೀವು ಅದರ ಮುಂದೇ ಕೂತಿರ್ತೀರಿ, ಅಭ್ಯಾಸ ಆಗಿರ್ಬೇಕು ಅಂದ್ಕೊಂಡೆ."

ಹೋದಳು. ಟಿವಿಯ ಬೆನ್ನಿಗೆ ಕಿವಿ ಇಟ್ಟೆ, ಗೋಡೆಗೆ ಕಿವಿ ಇಡುವ ಕಳ್ಳನ ಹಾಗೆ. ಬೆಚ್ಚಗಿತ್ತು. ಅಷ್ಟೇ.

ಏಪ್ರಿಲ್ 9

ಅಂಗಡಿ ತೆರೆಯಲಿಲ್ಲ.

ಏಪ್ರಿಲ್ 17, ಗುರುವಾರ

ಕಿವಿ ಪರೀಕ್ಷೆ. ಮನೆಯಲ್ಲಿ ಹೇಳದೆ ಹೋದೆ. ಕಪಾಟಿನಷ್ಟು ಗೂಡು, ಒಳಗೆ ಕುರ್ಚಿ, ತಲೆಗೆ ಹೆಡ್‌ಫೋನ್. ಇದು ಎಷ್ಟು ಓಮ್ ಇರಬಹುದು ಎಂದು ಯೋಚಿಸುತ್ತಿದ್ದೆ. ಅಲ್ಲಿಗೆ ಹೋಗಿಯೂ ಅದೇ ಬುದ್ಧಿ. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ. ಸದ್ದು ಕೇಳಿದರೆ ಗುಂಡಿ ಒತ್ತಬೇಕು. ಮೊದಮೊದಲು ಒತ್ತಿದ್ದೇ ಒತ್ತಿದ್ದು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಿಷನ್ ಕೆಟ್ಟಿದೆ ಅಂದುಕೊಂಡೆ, ರಿಪೇರಿಗೆ ಕೈ ತುರಿಸಿತು. ನೋಡಿದರೆ ಹುಡುಗಿಯ ಬೆರಳು ಆಡುತ್ತಲೇ ಇತ್ತು.

ಹಾಳೆಯ ಮೇಲೆ ಗೆರೆ ತೋರಿಸಿದಳು. ಎಡಗಡೆ ಮಹಡಿ, ನಡುವಿನಿಂದ ಮೆಟ್ಟಿಲು, ಬಲಗಡೆ ನೆಲಮಾಳಿಗೆ.

"ದಪ್ಪ ಸದ್ದುಗಳು ಚೆನ್ನಾಗಿ ಕೇಳುತ್ತೆ ಸಾರ್. ಸಣ್ಣ ಸದ್ದುಗಳು ಹೋಗಿವೆ. ಹೆಂಗಸರ ದನಿ, ಮೆತ್ತಗೆ ಆಡಿದ ಮಾತು ಕಷ್ಟ ಆಗುತ್ತೆ. ಅಕ್ಷರ ಅರ್ಧಂಬರ್ಧ ಕೇಳುತ್ತೆ."

"ವಯಸ್ಸಾ?"

"ವಯಸ್ಸೂ ಇರುತ್ತೆ." ಏನೋ ಬರೆದುಕೊಂಡಳು. "ಮನೇಲಿ ಯಾರಾದ್ರೂ ನಿಮ್ಮ ಹತ್ತಿರ ಜೋರಾಗಿ ಮಾತಾಡೋಕೆ ಶುರು ಮಾಡಿದಾರಾ?"

ನಾನು ಹಾಳೆಯ ಗೆರೆಯನ್ನೇ ನೋಡುತ್ತಿದ್ದೆ. ಕೇಳಿಸಲಿಲ್ಲವೆಂದು ತಿಳಿದು ಅವಳು ಅದನ್ನೇ ಜೋರಾಗಿ ಇನ್ನೊಮ್ಮೆ ಕೇಳಿದಳು.

"ಹೂಂ," ಅಂದೆ. "ಬೈಕೊಂಡು ಮಾತಾಡ್ತಾಳೆ ಅಂದ್ಕೊಂಡಿದ್ದೆ."

ಏಪ್ರಿಲ್ 18, ಶುಕ್ರವಾರ

ಹಾಳೆಯನ್ನು ಅವಳ ಲ್ಯಾಪ್‌ಟಾಪಿನ ಮೇಲೆ ಇಟ್ಟೆ. ಓದಿದಳು. ಆಶ್ಚರ್ಯಪಡಲಿಲ್ಲ.

"ಯಾವಾಗಿಂದ ಗೊತ್ತು?"

"ಎರಡು ವರ್ಷ." ಎದುರು ಬಂದು ಕುಳಿತಳು. ಯಾವಾಗಲೂ ಎದುರೇ ಕೂರುತ್ತಾಳೆ, ಅದು ಈಗ ಗಮನಕ್ಕೆ ಬಂತು. "ಮಗಳ ಫೋನ್ ಬಂದ್ರೆ ಹಾಂ, ಹೂಂ ಅಂದು ನನ್ನ ಕೈಗೆ ಕೊಡ್ತಿದ್ರಿ. ಮಿಷನ್ ಬೀಪ್ ಅಂದ್ರೆ ಏಳ್ತಿರಲಿಲ್ಲ. ಆಮೇಲೆ ನಾನು ಸ್ವಲ್ಪ ಸ್ವಲ್ಪ ಜೋರು ಮಾಡ್ತಾ ಬಂದೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಅಡುಗೆಯವನಿಗೆ ನಿನ್ನ ನಾಲಿಗೆ ಸತ್ತಿದೆ ಅನ್ನೋದಾ? ಆ ಪೆಟ್ಟಿಗೆ ಹಾಕ್ಕೊಂಡ ದಿನ ಸಿಳ್ಳೆ ಕೇಳಿಸ್ತು. ನಿಮ್ಮನ್ನ ನೋಡಿದೆ. ನಿಮ್ಮ ಮುಖ... ಸೂಜಿ ಬಿದ್ರೆ ಕೇಳ್ಬೇಕು ಅಂದ್ರಿ. ನನಗೆ ಬಾಯಿ ಬರಲಿಲ್ಲ. ಅವರನ್ನ ಕೇಳಿದೆ, ನಿಮಗೆ ಗೊತ್ತಾಗದ ಹಾಗೆ ಇದನ್ನ ಸರಿ ಮಾಡ್ಸೋದು ಹೇಗೆ ಅಂತ. ಟ್ರಾನ್ಸ್‌ಫಾರ್ಮರ್ ತಂದ್ಕೊಟ್ರಲ್ಲ, ಅದಕ್ಕೇ. ನೀವು ಒದ್ರಂತೆ."

"ನಿನಗೆ ಅದು ಹೇಗೆ ಗೊತ್ತು?"

"ದರ್ಜಿಯಮ್ಮ ನೋಡಿದಾಳೆ." ಮೂರು ವಾರದ ಮೇಲೆ ಮೊದಲ ಸಲ ನಕ್ಕಳು. "ಕಾಲು ಈಗ ಹೇಗಿದೆ?"

ಕೋಣನ ಮುಂದೆ ಕಿನ್ನರಿ ಅಂತ ಎಷ್ಟು ಗಿರಾಕಿಗಳನ್ನು ಗೇಲಿ ಮಾಡಿದ್ದೇನೆ. ಕೋಣ ಇಲ್ಲೇ ಬೆಂಚಿನ ಹಿಂದೆ ಕುಳಿತಿತ್ತು.

ಅವನ ಮೇಲಿನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆಯಬೇಕು ಅನ್ನಿಸುತ್ತದೆ. ಹೋಗಿಲ್ಲ. ಇನ್ನೂ ಹೆಚ್ಚಿದೆ. ಮೊದಲು ಇಲ್ಲದ್ದಕ್ಕೆ ಉರಿಯುತ್ತಿದ್ದೆ, ಈಗ ಇರುವುದಕ್ಕೆ. ನನ್ನ ಹೆಂಡತಿಯ ಮೆತ್ತಗಿನ ದನಿ ಅವನಿಗೆ ಕೇಳಿಸುತ್ತದೆ. ದರ್ಜಿಯಮ್ಮನಿಗೆ ಕೇಳಿಸುತ್ತದೆ. ತರಕಾರಿಯವನಿಗೂ ಕೇಳಿಸುತ್ತದೆ. ನಾನು ಕೇಳಿ ಎರಡು ವರ್ಷವಾಯಿತು. ಕೊನೆಯ ಸಲ ಏನಂದಳೋ, ಅದನ್ನೂ ಗಮನಿಸಿಲ್ಲ.

ಏಪ್ರಿಲ್ 27, ಭಾನುವಾರ

ಪೆಟ್ಟಿಗೆ ಬಿಚ್ಚಿದೆ. ಮಾಡ್ಯೂಲ್ ಕಿತ್ತೆ. ಡ್ರಾಯರಿನಿಂದ ಟ್ರಾನ್ಸ್‌ಫಾರ್ಮರ್ ತೆಗೆದೆ. ನಿಜಕ್ಕೂ ಒಳ್ಳೆ ಮಾಲು, ಹಲ್ಲು ಕಚ್ಚಿ ಒಪ್ಪಿಕೊಳ್ಳುತ್ತೇನೆ. ಅದನ್ನು ಬೇರೆ ತಗಡಿನ ಡಬ್ಬದಲ್ಲಿ ದೂರ ಇಟ್ಟು ಉದ್ದ ವೈರ್ ಎಳೆದೆ. ಅರ್ತ್ ಎಲ್ಲ ಒಂದೇ ಕಡೆ ತಂದು ಕಟ್ಟಿದೆ. ಹಮ್ ಬಂತು. ಹಮ್ ನನಗೆ ಕೇಳಿಸುತ್ತದೆ, ದಪ್ಪ ಸದ್ದನ್ನು ನನಗೆ ಬಿಟ್ಟಿದ್ದಾರಲ್ಲ. ಟ್ರಾನ್ಸ್‌ಫಾರ್ಮರನ್ನು ಚೂರು ಚೂರೇ ತಿರುಗಿಸಿದೆ. ಒಂದು ಮೂಲೆಯಲ್ಲಿ ಹಮ್ ಸತ್ತಿತು. ಸ್ಕೋಪಿನ ಗೆರೆ ನೇರ.

ಆದರೂ ಇದಕ್ಕೆ ಒಬ್ಬರ ಕಿವಿ ಬೇಕು. ಇವಳನ್ನು ಕೇಳಬಹುದಿತ್ತು. ಇವಳು ಚೆನ್ನಾಗಿದೆ ಅಂದರೆ ಮತ್ತೆ ಅನುಮಾನ. ಅವನಿಗೆ ಫೋನ್ ಮಾಡಿದೆ. ನಂಬರ್ ಒತ್ತಿ ಮೂರು ಸಲ ಕಟ್ ಮಾಡಿ, ನಾಲ್ಕನೇ ಸಲಕ್ಕೆ.

ಬಂದ. ಹತ್ತು ನಿಮಿಷ ಕೇಳಿದ. ನನ್ನ ಎದುರು ನಿಂತು ಬಾಯಿ ಬಿಡಿಸಿ ಹೇಳಿದ, ಶಾಲಾ ಮಾಸ್ತರರ ಹಾಗೆ. "ನನ್ನದಕ್ಕಿಂತ ಸ್ವಚ್ಛವಾಗಿದೆ ಸಾರ್. ಆ ಟ್ರಾನ್ಸಿಸ್ಟರ್ ನೀವು ಜೋಡಿ ಹಾಕಿದ್ದಾ?"

"ಅರವತ್ತು ಅಳೆದೆ."

"ನಾನು ಹತ್ತೂ ಅಳೀಲಿಲ್ಲ."

ಗೊತ್ತಿತ್ತು. ಚಹಾ ಕುಡಿಸಿ ಕಳಿಸಿದೆ. ಒಳ್ಳೆಯವನೇ. ಅದೂ ಒಂದು ಸಂಕಟ, ಬೈಯಲು ಏನೂ ಸಿಗುವುದಿಲ್ಲ.

ಮೇ 4, ಭಾನುವಾರ. ಸಂಜೆ 5

ಕಿವಿಯ ಮಿಷನ್ನಿಗೆ ಅಳತೆ ಕೊಟ್ಟು ಬಂದಿದ್ದೇನೆ, ಇನ್ನೂ ಎರಡು ವಾರ ಕಾಯಬೇಕು. ಅಷ್ಟರಲ್ಲಿ ಪೆಟ್ಟಿಗೆಗೆ ಇನ್ನೊಂದು ಕೆಲಸ ಮಾಡಿದೆ. ಹಿಂಬದಿಯಲ್ಲಿ ಸಣ್ಣ ಸ್ವಿಚ್. ಮೇಲಕ್ಕಿದ್ದರೆ ನೇರ, ಅವಳಿಗೆ. ಕೆಳಕ್ಕಿದ್ದರೆ ಸಣ್ಣ ಸದ್ದುಗಳನ್ನೆಲ್ಲ ಹಿಡಿದು ಎತ್ತುತ್ತದೆ. ಪರೀಕ್ಷೆಯ ಹುಡುಗಿ ಕೊಟ್ಟ ಹಾಳೆಯ ಮೆಟ್ಟಿಲು ಎಷ್ಟು ಇಳಿಯುತ್ತದೋ ಇದು ಹೆಚ್ಚೂಕಡಿಮೆ ಅಷ್ಟು ಹತ್ತುತ್ತದೆ. ಕೆಪಾಸಿಟರ್ ನಾಲ್ಕು ಬದಲಿಸಿ ಸರಿಯಾಯಿತು.

ಬೆಳಿಗ್ಗೆ ಅವಳು ಹೊಸ ಪುಸ್ತಕ ಶುರು ಮಾಡಿದಳು, ಮನೆಯಲ್ಲೇ. ಮೂರು ಗಂಟೆ ತೆಗೆಯದೆ ಕೇಳಿದಳು. ಹಣೆ ನೋಡಿದೆ. ಗೆರೆ ಇರಲಿಲ್ಲ. ಭಾನುವಾರವೆಲ್ಲ ಕಾದು ಕುಳಿತದ್ದು ಸಾರ್ಥಕ.

ಈಗ ಹೆಡ್‌ಫೋನ್ ನನ್ನ ತಲೆಯ ಮೇಲೆ. ಸ್ವಿಚ್ ಕೆಳಕ್ಕೆ. ಅವಳು ತನ್ನ ಕೋಣೆಯಲ್ಲಿ ಮೈಕಿನ ಮುಂದೆ. ವೈರ್ ಬಾಗಿಲ ಸಂದಿಯಿಂದ ಬಂದಿದೆ. ಅವನಿಗೆ ಪುಟ, ಸಾಲು ಹೇಳುತ್ತೀಯಲ್ಲ, ಹಾಗೇ ಮಾತಾಡು ಅಂದೆ, ಒಂದಿಷ್ಟೂ ಜೋರು ಬೇಡ. "ಏನು ಮಾತಾಡ್ಲಿ?" ಎಂದು ಕೂಗಿದಳು. ಏನಾದರೂ ಅಂದೆ. ಕೇಳಿದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಟೆಸ್ಟ್ ಅಂದರೆ ರೆಕಾರ್ಡ್ ಇರಬೇಕು.

ಕುರ್ಚಿ ಎಳೆದುಕೊಂಡಳು. ಕಿರ್ ಅಂತು. ಕೇಳಿಸಿತು.

ಉಸಿರು.

"ಸೋಪು ಮುಗಿದಿದೆ. ನಾಳೆ ಬರುವಾಗ ತನ್ನಿ." ಸೋಪಿನ ಸೋ ಪೂರ್ತಿ ಕೇಳಿಸಿತು. ಇಷ್ಟು ಹತ್ತಿರ, ಕಿವಿಯ ಒಳಗೇ. ಸೋಪು ತನ್ನಿ ಎಂದು ಅವನಿಗೆ ಯಾವತ್ತೂ ಹೇಳಿರಲಾರಳು.

"ಮಗಳು ಮುಂದಿನ ವಾರ ಬರ್ತಾಳಂತೆ. ಮೆತ್ತಗೆ ಮಾತಾಡೋಕೆ ನನಗೇ ಮರೆತುಹೋಗಿದೆ ನೋಡಿ."

ನಗುತ್ತಿದ್ದಾಳೆ. ಗಂಟಲಲ್ಲಿ ಒಂದು ಸಣ್ಣ ಗರಗರ ಇದೆ. ಇದು ಮೊದಲು ಇರಲಿಲ್ಲ. ಎರಡು ವರ್ಷ ಕೂಗಿ ಕೂಗಿ ಬಂದದ್ದು, ನನ್ನ ಬಾಬತ್ತು. ಇದೂ ಅವನಿಗೆ ಮೊದಲೇ ಗೊತ್ತಿರುತ್ತದೆ.

ಮೈಕಿಗೆ ಇನ್ನೂ ಹತ್ತಿರ ಬಂದಳು, ಉಸಿರು ದೊಡ್ಡದಾಯಿತು. ಈಗ ಏನೋ ಹೇಳುತ್ತಿದ್ದಾಳೆ. ಬಾಗಿಲು ಮುಚ್ಚಿದೆ, ತುಟಿ ಕಾಣುವುದಿಲ್ಲ, ಆದರೂ ಪ್ರತಿಯೊಂದು ಅಕ್ಷರ... ಪೆನ್ನು ಕೆಳಗಿಡುತ್ತೇನೆ, ಬರೆಯುವ ಸದ್ದು ಅಡ್ಡ